ಸುಳ್ಳು ಬಿಟ್ಟ ಗಂಡನ ಜೊತೆ ಹರಾಜಿಗೆ ಹೋದ ವರ್ಷ

ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಅಂಜೂರದ ಗಿಡವಿದೆ. ಅದರ ಹಣ್ಣು ನಾವು ತಿಂದದ್ದಕ್ಕಿಂತ ಬಾವಲಿಗಳು ತಿಂದದ್ದೇ ಹೆಚ್ಚು. ಆದರೆ ದಿನವಿಡೀ ಬಿಸಿಲು ಕಾದು ಸಂಜೆ ನಾಲ್ಕು ಹನಿ ಬಿದ್ದರೆ ಎಲೆಗಳಿಂದ ಒಂದು ವಾಸನೆ ಏಳುತ್ತದೆ. ಹಸಿ ಹಾಲಿಗೆ ಹುಲ್ಲು ಕಿವುಚಿದಂಥ ವಾಸನೆ. ಬಂದವರೆಲ್ಲ ಆಹಾ ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಮೆಲ್ಬರ್ನಿನಲ್ಲಿ ಕಳೆದ ಒಂದೇ ಒಂದು ವರ್ಷ, ಕೈತಪ್ಪಿದ ಒಂದು ಮನೆ, ಯುರೋಪಿನಲ್ಲಿ ಇನ್ನೂರು ಮುನ್ನೂರು ವರ್ಷಗಳ ಹಿಂದೆಯೇ ಸತ್ತುಹೋದ ನಾಲ್ಕು ಗಂಡಸರು, ಎಲ್ಲ ಒಟ್ಟಿಗೆ ನೆನಪಾಗುತ್ತಾರೆ.

ಎರಡು ಸಾವಿರದ ಆರನೇ ಇಸವಿ. ನಾರ್ತ್ ಸಿಡ್ನಿಯ ಆಫೀಸಿನವರು ನಮ್ಮವರನ್ನು, ಅಂದರೆ ನನ್ನ ಗಂಡ ಶ್ರೀಧರ ಅವರನ್ನು, ಒಂದು ಪ್ರಾಜೆಕ್ಟಿಗೆಂದು ವರ್ಷದ ಮಟ್ಟಿಗೆ ಮೆಲ್ಬರ್ನಿಗೆ ಕಳಿಸಿದರು. ಇಷ್ಟವಾದರೆ ಅಲ್ಲೇ ಉಳಿದುಬಿಡಿ, ವರ್ಷದ ಕೊನೆಗೆ ಹೇಳಿ ಅಂದಿದ್ದರು. ನಾನು ಆ ಊರಿನ ರೈಲ್ವೆ ಸ್ಟೇಷನ್ ನೋಡುವ ಮೊದಲೇ ತೀರ್ಮಾನ ಮಾಡಿದ್ದೆ: ಉಳಿಯುವುದು, ಮನೆ ಕೊಳ್ಳುವುದು. ಸಿಡ್ನಿಯ ಬೆಲೆ ನಮ್ಮ ಕೈ ಮೀರಿತ್ತು. ಮೆಲ್ಬರ್ನಿನ ಉತ್ತರದ ಸಬರ್ಬ್‌ಗಳಲ್ಲಿ ಇನ್ನೂ ಎಟುಕುವಂತಿತ್ತು. ಅದಕ್ಕಿಂತ ದೊಡ್ಡ ಕಾರಣ ಮಗಳು ಅನಘಾ. ಹನ್ನೊಂದು ವರ್ಷಕ್ಕೇ ಅವಳು ನಾಲ್ಕು ಬಾಡಿಗೆ ಮನೆ ಕಂಡಿದ್ದಳು. ಪ್ರತಿ ಸಲವೂ ಓನರ್ ಮನೆ ಮಾರುತ್ತೇನೆ ಅನ್ನುವುದು, ನಾವು ಗಂಟು ಕಟ್ಟುವುದು. ಮೆಲ್ಬರ್ನಿನಲ್ಲಿ ಪ್ರೆಸ್ಟನ್ನಿನ ಬಾಡಿಗೆ ಮನೆಗೆ ಸಾಮಾನು ಇಳಿಸಿದ ದಿನ ಅವಳು ತನ್ನ ಪುಸ್ತಕ, ಬಣ್ಣ, ಗೊಂಬೆಗಳಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಟೇಪ್ ಸಮೇತ ಮಂಚದ ಪಕ್ಕಕ್ಕೆ ಎಳೆದುಕೊಂಡು, ಅದರ ಮೇಲೆ ಲ್ಯಾಂಪ್ ಇಟ್ಟುಕೊಂಡಳು.

"ಬಿಚ್ಚೇ ಪುಟ್ಟಿ, ಒಳಗೆ ಎಲ್ಲ ಮುಗ್ಗಲು ಹಿಡಿಯುತ್ತೆ," ಅಂದೆ.

"ನೋ ಪಾಯಿಂಟ್ ಅಮ್ಮಾ. ವೆನ್ ವಿ ಗೆಟ್ ನಮ್ಮ ಓನ್ ಹೌಸ್," ಅಂದಳು. ಕನ್ನಡದಲ್ಲಿ ಉತ್ತರ ಕೊಡುವವಳೇ ಅಲ್ಲ ಅವಳು. ಆ 'ನಮ್ಮ' ಅನ್ನುವ ಒಂದು ಮಾತನ್ನು ಮಾತ್ರ ಕನ್ನಡದಲ್ಲಿ ಅಂದಳು. ಆ ಪೆಟ್ಟಿಗೆ ಬಿಚ್ಚಿಸಬೇಕು, ಅದೊಂದೇ ಆ ವರ್ಷದ ನನ್ನ ಗುರಿ.

ನನ್ನ ಕಸುಬು ಹಳೇ ಫರ್ನಿಚರ್. ಸಿಡ್ನಿಯ ಲಿವರ್‌ಪೂಲಿನಲ್ಲಿದ್ದಾಗ ಶುರು ಮಾಡಿದ್ದು. ಕರ್ನಾಟಕದಿಂದ ಓದಲು ಬರುವ ಹುಡುಗರಿಗೆ ಹಾಸಿಗೆ, ಮೇಜು, ರೈಸ್ ಕುಕ್ಕರ್ ಬೇಕು. ಇಲ್ಲಿನವರಿಗೆ ಅವೇ ಭಾರ, ಶನಿವಾರ ಮನೆಯಂಗಳದಲ್ಲೇ ಗರಾಜ್ ಸೇಲ್ ಹಾಕಿ ಮಾರಿಬಿಡುತ್ತಾರೆ. ನಡುವೆ ನಾನು ಮತ್ತು ನನ್ನ ವ್ಯಾನ್. ಯಾರೂ ಕಲಿಸಿದ ವಿದ್ಯೆಯಲ್ಲ, ದಾವಣಗೆರೆಯ ಸೀರೆ ಅಂಗಡಿಯಲ್ಲಿ ಅಮ್ಮನನ್ನು ನೋಡಿ ಬಂದದ್ದು. ಅಮ್ಮ ಸೀರೆ ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ಅಪ್ಪ ಮೆಟ್ಟಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡು, "ಏಳೇ, ಬಸ್ ಹೋಗುತ್ತೆ," ಅನ್ನುತ್ತಿದ್ದ. ಅಮ್ಮ ನಿಟ್ಟುಸಿರು ಬಿಟ್ಟು ಏಳುತ್ತಿದ್ದಳು. ಅವಳು ಮೂರನೇ ಮೆಟ್ಟಿಲು ಇಳಿಯುವಷ್ಟರಲ್ಲಿ ಅಂಗಡಿಯವನು, "ಅಕ್ಕಾರೆ, ಬನ್ನಿ ಬನ್ನಿ," ಅಂತ ವಾಪಸ್ ಕರೆಯುತ್ತಿದ್ದ. ಯಾವ ಬಸ್ಸೂ ಇರುತ್ತಿರಲಿಲ್ಲ. ನಮ್ಮ ಮನೆ ಎರಡು ಬೀದಿ ಆಚೆ.

ಅದನ್ನೇ ನಾವಿಬ್ಬರೂ ಆಸ್ಟ್ರೇಲಿಯಾಕ್ಕೆ ತಂದೆವು. ನಾನು ಮೇಜು ಸವರುತ್ತ ನಿಂತರೆ ಶ್ರೀಧರ ಹಿಂದಿನಿಂದ ನನ್ನ ತೋಳು ಎಳೆದು, "ಬೇಡ ಬಾರೆ, ಹೋಗೋಣ," ಅನ್ನಬೇಕು. ಮಾರುವವರಿಗೆ ಕನ್ನಡ ಬರಬೇಕಾಗಿಲ್ಲ, ಗಂಡ ಹೆಂಡತಿಯ ತೋಳು ಎಳೆಯುವುದು ಎಲ್ಲ ದೇಶದಲ್ಲೂ ಒಂದೇ. ನಾನು ಮುಖ ಸಣ್ಣದು ಮಾಡಿಕೊಂಡು ಗೇಟಿನ ತನಕ ಹೋಗಬೇಕು. ನೂರಕ್ಕೆ ತೊಂಬತ್ತು ಸಲ ಗೇಟು ದಾಟುವ ಮೊದಲು ಕರೆ ಬರುತ್ತದೆ. ಹೊಸದಾಗಿ ಸಂಸಾರ ಹೂಡುವವರು ಇದನ್ನು ಬರೆದಿಟ್ಟುಕೊಳ್ಳಿ: ಚೌಕಾಸಿ ಒಬ್ಬರೇ ಮಾಡುವ ಕೆಲಸವಲ್ಲ.

ಹಾಗಿರುವಾಗ ಈ ಗ್ರಹಚಾರ ವಕ್ಕರಿಸಿತು. ಲೈಬ್ರರಿಯ ಮೇಲಿನ ಕೋಣೆಗಳಲ್ಲಿ ಮಂಗಳವಾರ ಸಂಜೆ ದೊಡ್ಡವರಿಗೆ ಏನೇನೋ ಕ್ಲಾಸ್ ನಡೆಯುತ್ತಿದ್ದವು. ನಾನೇ ಇವರನ್ನು ಕಳಿಸಿದ್ದು, ಪ್ಲಂಬಿಂಗ್ ಕಲಿತುಕೊಳ್ಳಿ, ಮನೆ ಕೊಂಡ ಮೇಲೆ ಬೇಕಾಗುತ್ತೆ ಅಂತ. ಪ್ಲಂಬಿಂಗ್ ಭರ್ತಿಯಾಗಿತ್ತಂತೆ. ಪಕ್ಕದ ಕೋಣೆಯಲ್ಲಿ ಹೆಲೆನ್ ಅನ್ನುವ ನಿವೃತ್ತ ಮೇಡಂ ಒಬ್ಬರು ಯುರೋಪಿನ ಹಳೇ ತತ್ವಶಾಸ್ತ್ರ ಹೇಳಿಕೊಡುತ್ತಿದ್ದರು, ಕುರ್ಚಿ ಖಾಲಿ ಇದ್ದವು. ಹೋಗಿ ಕೂತರು. ಖಾಲಿ ಕುರ್ಚಿ ಯಾಕೆ ಖಾಲಿ ಇರುತ್ತದೆ ಅಂತ ಯೋಚಿಸುವವನೇ ಬುದ್ಧಿವಂತ. ನಮ್ಮವರಿಗೆ ಅದು ಹೊಳೆಯಲಿಲ್ಲ.

ಮಂಗಳವಾರ ಕೇಳಿದ್ದನ್ನು ಬುಧವಾರ ಬೆಳಗ್ಗೆ ದೋಸೆಯ ಜೊತೆ ನನಗೆ ಬಡಿಸುತ್ತಿದ್ದರು. ಆ ಹೆಸರುಗಳು ನನ್ನ ನಾಲಿಗೆಗೆ ತಿರುಗುತ್ತಿರಲಿಲ್ಲ, ನಾನೇ ಒಂದೊಂದು ಹೆಸರಿಟ್ಟೆ. ಮೊದಲು ಬಂದವನು ಒಲೆಯವನು. ಚಳಿಗೆ ಒಲೆಯಿದ್ದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು, ಕಣ್ಣಿಗೆ ಕಾಣುವುದೆಲ್ಲ ಸುಳ್ಳಿರಬಹುದು ಅಂತ ಒಂದೊಂದಾಗಿ ಅನುಮಾನಪಟ್ಟನಂತೆ. ಕೊನೆಗೆ, ಅನುಮಾನ ಪಡುತ್ತಿರುವ ನಾನೊಬ್ಬ ಇದ್ದೇನಲ್ಲ, ಅದು ಖಾತ್ರಿ ಅಂದನಂತೆ.

"ಅವನಿಗೆ ಊಟ ಹಾಕುತ್ತಿದ್ದವರು ಯಾರು?" ಅಂತ ಕೇಳಿದೆ.

"ಅದು ಪ್ರಶ್ನೆ ಅಲ್ಲ ಸುಮಾ."

"ನನಗೆ ಅದೇ ಪ್ರಶ್ನೆ ರೀ. ಅವಳೊಬ್ಬಳು ಇದ್ದಾಳೆ ಅನ್ನೋದು ಅವನಿಗೆ ಖಾತ್ರಿ ಆಗ್ಲಿಲ್ವಾ?"

ಎರಡನೆಯವನು ಕನ್ನಡಕದವನು. ಯೂನಿವರ್ಸಿಟಿಯವರು ಕೆಲಸ ಕೊಡುತ್ತೇವೆ ಬಾ ಅಂದರೂ ಹೋಗದೆ, ಗಾಜು ಉಜ್ಜಿ ಮಸೂರ ಮಾಡಿಕೊಂಡಿದ್ದನಂತೆ. ದೇವರೂ ಪ್ರಕೃತಿಯೂ ಒಂದೇ, ಆಗುವುದೆಲ್ಲ ಆಗಲೇಬೇಕಾದದ್ದು ಅನ್ನುವುದು ಅವನ ಮಾತು. ಕೈಕಸುಬಿನವನು ಅಂತ ನಾನು ಅವನನ್ನು ಸಹಿಸಿಕೊಂಡೆ. ಮೂರನೆಯವನೇ ನನಗೆ ಒಗ್ಗಿದ್ದು, ಬೆವರಿನವನು. ಯಾರದೂ ಅಲ್ಲದ ನೆಲಕ್ಕೆ ನಿನ್ನ ದುಡಿಮೆ ಬೆರೆಸಿದರೆ ಅದು ನಿನ್ನದು ಅಂದವನು. ಇದು ಮಾತು!

"ಹಂಗಾದ್ರೆ ನಾನು ಕಾರ್ಪೆಟ್ ತಿಕ್ಕಿದ ನಾಲ್ಕು ಬಾಡಿಗೆ ಮನೆನೂ ನಂದೇ," ಅಂದೆ.

ಶ್ರೀಧರ ನಗಲಿಲ್ಲ. "ಅವನ ಮಾತನ್ನೇ ಹಿಡಿದುಕೊಂಡು, ಇಲ್ಲಿನ ಮೂಲದವರು ಉತ್ತಿಲ್ಲ ಬಿತ್ತಿಲ್ಲ, ಆದ್ದರಿಂದ ಈ ನೆಲ ಯಾರದೂ ಅಲ್ಲ ಅಂತ ಬಿಳಿಯರು ಬೇಲಿ ಹಾಕಿದ್ರಂತೆ. ನಾವು ಕೊಳ್ಳೋದು ಅದನ್ನೇ ಅಲ್ವಾ?"

ನೋಡಿ, ಶನಿವಾರ ಎರಡು ಮನೆ ನೋಡಲು ಹೋಗುವುದಿದೆ, ಬುಧವಾರ ಬೆಳಗ್ಗೆ ಈ ಮಾತು. ನನಗೆ ಸಿಟ್ಟು ಬಂತು. ಕಾವಲಿಗೆ ನೀರು ಚಿಮುಕಿಸಿ, "ದೋಸೆ ತಿನ್ನಿ," ಅಂದೆ.

ನನ್ನ ಮನೆ ಮುರಿದವನು ನಾಲ್ಕನೆಯವನು, ಗಡಿಯಾರದವನು. ಅವನು ದಿನಾ ವಾಕಿಂಗ್ ಹೊರಟರೆ ಊರಿನವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ. ಮದುವೆಯಾಗಲಿಲ್ಲ, ಊರು ಬಿಟ್ಟು ದೂರ ಹೋಗಲಿಲ್ಲ, ಕೂತಲ್ಲೇ ಲೋಕಕ್ಕೆಲ್ಲ ನಿಯಮ ಮಾಡಿದ. ಸುಳ್ಳು ಯಾವತ್ತೂ ಹೇಳಕೂಡದು. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನಾ ಅಂದರೂ ಸುಳ್ಳು ಹೇಳಕೂಡದು. ಎಲ್ಲರೂ ನೀನು ಮಾಡಿದಂತೆಯೇ ಮಾಡಿದರೆ ಲೋಕ ಏನಾದೀತು ಯೋಚಿಸು ಅಂತ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ನಾಡಿನಿಂದ ಬಂದ ನನ್ನ ಗಂಡ ಇದನ್ನು ಕೇಳಿಕೊಂಡು ಬಂದು ಎರಡು ದಿನ ಇದನ್ನೇ ಮೆಲುಕು ಹಾಕಿದರು. ಆ ಶನಿವಾರ ಕೋಬರ್ಗಿನ ಒಂದು ಗರಾಜ್ ಸೇಲಿನಲ್ಲಿ ಓಕ್ ಮರದ ಮೇಜು ಸಿಕ್ಕಿತು, ಆರು ಕುರ್ಚಿ ಸಮೇತ. ನಾನು ಸವರಿದೆ, ಕಾಲು ಅಲುಗಾಡಿಸಿದೆ, ಮುಖ ಸಿಂಡರಿಸಿದೆ. ಇವರು ತೋಳು ಎಳೆಯಲಿಲ್ಲ. ಕೆಮ್ಮಿದೆ. ಆಗಲೂ ಎಳೆಯಲಿಲ್ಲ. ತಿರುಗಿ ನೋಡಿದರೆ ಕೈಗಳನ್ನು ಹಿಂದೆ ಕಟ್ಟಿಕೊಂಡು ಮೋಡ ನೋಡುತ್ತಿದ್ದಾರೆ. ಆ ವರ್ಷ ಮೋಡ ಕೂಡ ಇರಲಿಲ್ಲ.

ವ್ಯಾನಿನಲ್ಲಿ ಕೂತು ಕೇಳಿದೆ, "ಏನಾಯ್ತು ರೀ ನಿಮ್ಮ ಕೈಗೆ?"

"ನನ್ನಿಂದ ಆಗಲ್ಲ ಕಣೇ. ಅದು ಸುಳ್ಳು."

"ಒಂಬತ್ತು ವರ್ಷದಿಂದ ಎಳೀತಿದ್ರಲ್ಲ!"

"ಒಂಬತ್ತು ವರ್ಷದಿಂದ ಸುಳ್ಳು."

"ರೀ, ನಿಮ್ಮ ಗಡಿಯಾರದವನು ಒಂದು ದಿನನಾದ್ರೂ ಸಂತೆಗೆ ಹೋಗಿದ್ನಾ? ಎಲ್ಲರೂ ಸುಳ್ಳು ಹೇಳಿದ್ರೆ ಲೋಕ ನಿಲ್ಲಲ್ಲ ಅಂತಾನೆ. ಸಂತೆಯಲ್ಲಿ ಎಲ್ಲರೂ ಹೇಳ್ತಾರೆ, ಲಾಸ್ಟ್ ಪ್ರೈಸ್ ಅನ್ನೋದು ಲಾಸ್ಟ್ ಅಲ್ಲ ಅಂತ ಮಾರೋನಿಗೂ ಗೊತ್ತು, ಕೊಳ್ಳೋಳಿಗೂ ಗೊತ್ತು. ಸಂತೆ ನಿಂತಿದೆಯಾ? ನಡೀತಾನೇ ಇದೆ!"

ಅವರು ಸ್ಟೀರಿಂಗ್ ಹಿಡಿದುಕೊಂಡು ಎರಡು ಸಿಗ್ನಲ್ ದಾಟಿಸಿದರು. ಆಮೇಲೆ, "ಇದು ಒಳ್ಳೇ ಆಕ್ಷೇಪಣೆ. ಹೆಲೆನ್ ಹತ್ರ ಕೇಳ್ತೀನಿ," ಅಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೇಜನ್ನು ಮಾರುವವರು ಹೇಳಿದ ಬೆಲೆಗೇ ಕೊಂಡಿದ್ದೆ.

ಚಳಿಗಾಲ ಕಳೆಯಿತು, ಮಳೆ ಮಾತ್ರ ಬರಲಿಲ್ಲ. ಗಿಡಗಳಿಗೆ ಪೈಪಿನಿಂದ ನೀರು ಬಿಡುವುದಕ್ಕೆ ಕಟ್ಟುಪಾಡು ಬಂತು. ಊರಿಗೆ ಊರೇ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಿತ್ತಿಲಿಗೆ ಹೊತ್ತುಕೊಂಡು ಹೋಗುತ್ತಿತ್ತು. ಆಗಲೇ ನಾನು ಆ ಮನೆ ನೋಡಿದ್ದು, ರಿಸರ್ವಾಯರ್ ಅನ್ನುವ ಸಬರ್ಬಿನಲ್ಲಿ. ಮೂರು ಕೋಣೆ, ಮರದ ಗೋಡೆ, ಹಿಂದೆ ಉದ್ದನೆಯ ಹಿತ್ತಿಲು, ಕೊನೆಯಲ್ಲಿ ಅಂಜೂರದ ಮರ. ಮನೆಯ ಯಜಮಾನ ಸ್ಪಿರೋ ಅನ್ನುವ ಗ್ರೀಕ್ ಮುದುಕ. ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ಗಂಡುಮಕ್ಕಳು ಅಪ್ಪನನ್ನು ತಮ್ಮ ಹತ್ತಿರದ ಯೂನಿಟ್ಟಿಗೆ, ಅಂದರೆ ಸಣ್ಣ ಫ್ಲಾಟಿಗೆ, ಕರೆದೊಯ್ಯಲು ಮನೆ ಹರಾಜಿಗಿಟ್ಟಿದ್ದರು. ಮನೆ ನೋಡಲು ಜನ ಬಂದಾಗಲೆಲ್ಲ ಅವನು ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಆ ಮರದ ಬುಡಕ್ಕೆ ಸುರಿಯುತ್ತಿದ್ದ. ನಾನು ಟಾರ್ಚ್ ಹಿಡಿದು ಮನೆಯಡಿ ತೂರಿ ನೋಡಿದೆ. ನೀವೂ ನೋಡಿ, ನಾಚಿಕೆ ಬೇಡ. ಮೆಲ್ಬರ್ನಿನ ಹಳೇ ಮನೆಗಳು ಗಿಡ್ಡ ಮರದ ಕಂಬಗಳ ಮೇಲೆ ಕೂತಿರುತ್ತವೆ, ಅವು ಕೊಳೆತರೆ ಮನೆ ವಾಲುತ್ತದೆ. ಪಡುವಣದ ಕಡೆ ನಾಲ್ಕೈದು ಕೊಳೆತಿದ್ದವು. ನನಗೆ ಖುಷಿಯಾಯಿತು. ದೋಷ ಇದ್ದರೆ ತಾನೇ ಮಾತಿಗೆ ಹಿಡಿತ.

ಮೂರನೇ ಸಲ ಹೋದಾಗ ಅನಘಾಳನ್ನೂ ಕರೆದುಕೊಂಡು ಹೋದೆ. ಅವಳು ಸಣ್ಣ ಕೋಣೆಯ ಕಿಟಕಿ ಕೆಳಗಿನ ಮೂಲೆಯನ್ನು ಕೈಯಿಂದ ಅಳೆದಳು. "ಮೈ ಬಾಕ್ಸ್ ವಿಲ್ ಫಿಟ್ ಹಿಯರ್. ಆಫ್ಟರ್ ಐ ಎಂಪ್ಟಿ ಇಟ್," ಅಂದಳು. ಅಷ್ಟು ಸಾಕಾಗಿತ್ತು ನನಗೆ.

ಹರಾಜು ಡಿಸೆಂಬರಿನಲ್ಲಿ. ಬೆಟ್ಟಗಳಲ್ಲಿ ಕಾಡು ಹೊತ್ತಿ ಹೊಗೆ ಊರಿನ ಮೇಲೆ ಕವುಚಿಕೊಂಡಿತ್ತು. ಹೊಗೆಗೆ ಜನ ಕಡಿಮೆ ಬರುತ್ತಾರೆ ಅಂತ ನಾನು ಲೆಕ್ಕ ಹಾಕಿದ್ದೆ, ಹಾಗೆಯೇ ಆಯಿತು. ಅಲ್ಲಿನ ಕ್ರಮ ತಿಳಿಯದವರಿಗೆ ಹೇಳಬೇಕು: ಮನೆಯೆದುರು ಬೀದಿಯಲ್ಲೇ ಕೂಗುತ್ತಾರೆ. ಮಾರುವವರು ಮನಸ್ಸಿನಲ್ಲಿಟ್ಟ ಬೆಲೆಗೆ ಯಾರೂ ಮುಟ್ಟದಿದ್ದರೆ ಹರಾಜು ನಿಲ್ಲುತ್ತದೆ, ಆಗ ಎಲ್ಲರಿಗಿಂತ ಹೆಚ್ಚು ಕೂಗಿದವರಿಗೆ ಒಳಗೆ ಹೋಗಿ ಚೌಕಾಸಿ ಮಾಡುವ ಮೊದಲ ಹಕ್ಕು. ಅವರು ಬಿಟ್ಟರೆ ಮುಂದಿನವರಿಗೆ. ಅಂದರೆ ಬೀದಿಯಲ್ಲಿ ಕಡಿಮೆಗೆ ಗೆದ್ದು, ಒಳಗೆ ನಮ್ಮ ದಾವಣಗೆರೆಯನ್ನು ತೋರಿಸಬಹುದು. ಇವರಿಗೆ ಒಂದು ವಾರ ಪಾಠ ಮಾಡಿದ್ದೆ.

"ಸುಳ್ಳು ಹೇಳ್ಬೇಡಿ. ಬಾಯೇ ಬಿಡ್ಬೇಡಿ. ಸುಮ್ನಿರೋದು ಸುಳ್ಳಾ?"

"ಅಲ್ಲ. ಗೊತ್ತಿರೋ ಸತ್ಯ ಎಲ್ಲಾ ಹೇಳ್ಲೇಬೇಕು ಅಂತ ನಿನ್ನ ಗಡಿಯಾರದವನೂ ಅಂದಿಲ್ಲ. ಹೇಳಿದ್ದು ಸತ್ಯ ಆಗಿರ್ಬೇಕು, ಅಷ್ಟೇ."

"ಅಬ್ಬಾ, ಒಂದು ಸಂದಾದ್ರೂ ಬಿಟ್ಟಿದಾನಲ್ಲ ಪುಣ್ಯಾತ್ಮ."

ಎಲ್ಲ ನಾನಂದುಕೊಂಡಂತೆಯೇ ನಡೆಯಿತು. ನಾನು, ಇನ್ನೊಂದು ಎಳೆ ವಯಸ್ಸಿನ ಜೋಡಿ, ಇಬ್ಬರೇ ಕೂಗಿದ್ದು. ಹರಾಜು ನಿಂತಿತು, ಮೇಲಿದ್ದವಳು ನಾನು. ಸಾಮಾನ್ಯವಾಗಿ ಏಜೆಂಟ್ ಅತ್ತಿಂದಿತ್ತ ಓಡಾಡಿ ಮಾತು ಮುಗಿಸುತ್ತಾನೆ. ಆದರೆ ಸ್ಪಿರೋ, ನನ್ನ ಮನೆ ನನ್ನ ಅಡುಗೆಮನೆಯಲ್ಲೇ ಮಾರುತ್ತೇನೆ ಅಂತ ಹಟ ಹಿಡಿದು ನಮ್ಮನ್ನು ಒಳಗೆ ಕೂರಿಸಿಕೊಂಡ. ಏಜೆಂಟ್ ಬಾಗಿಲಿಗೆ ಒರಗಿ ನಿಂತ. ನಾನು ಕಂಬದ ಮಾತೆತ್ತಿದೆ, ಮಾಡಿನ ಮಾತೆತ್ತಿದೆ, ಹಳೇ ವೈರಿಂಗ್ ಅಂದೆ. ನಮ್ಮದು ಇಷ್ಟೇ, ಇದಕ್ಕಿಂತ ಮೇಲೆ ಒಂದು ಕಾಸೂ ಇಲ್ಲ ಅಂದೆ.

ಮುದುಕ ನನ್ನನ್ನು ಬಿಟ್ಟು ಇವರ ಕಡೆ ತಿರುಗಿದ. ತನ್ನ ಮುರುಕು ಇಂಗ್ಲಿಷಿನಲ್ಲಿ, "ಮಿಸ್ಟರ್, ನೀನು ಹೇಳು. ಇಷ್ಟೇನಾ?" ಅಂತ ಕೇಳಿದ.

ಮೇಜಿನಡಿ ನಾನು ಇವರ ಕಾಲು ತುಳಿದೆ. ಶ್ರೀಧರ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಮುದುಕನನ್ನು ನೋಡಿದರು. "ಇಲ್ಲ. ಇನ್ನೂ ಇದೆ. ಅದನ್ನ ಕೊಡಬಾರದು ಅಂತ ನನ್ನ ಹೆಂಡ್ತಿ ತೀರ್ಮಾನ ಮಾಡಿದ್ದಾಳೆ," ಅಂದರು.

ಬಾಗಿಲಲ್ಲಿದ್ದ ಏಜೆಂಟ್ ಕೆಮ್ಮಿ ಗೋಡೆ ನೋಡಿದ. ನನಗೆ ಆ ಕ್ಷಣ ಮನೆಯಡಿಯ ಕೊಳೆತ ಕಂಬವಾಗಿಬಿಡೋಣ ಅನ್ನಿಸಿತು. ಸ್ಪಿರೋ ಮಾತ್ರ ಮೇಜು ಕುಟ್ಟಿ ಕುಟ್ಟಿ ನಕ್ಕ. ನಕ್ಕು ಮುಗಿದ ಮೇಲೆ, "ನನ್ನ ಹೆಂಡತಿಯೂ ಹೀಗೇ. ಈ ಒಲೆ ಕೊಳ್ಳುವಾಗ ಅಂಗಡಿಯವನನ್ನು ಅಳಿಸಿದ್ದಳು," ಅಂದ. ಆಮೇಲೆ ಒಲೆಯನ್ನೇ ನೋಡುತ್ತ ಕೂತ. ನಾವು ಹೇಳಿದ ಬೆಲೆಯ ಬಗ್ಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಇವರು ಮೆಲ್ಲಗೆ ಕೇಳಿದರು, "ನಿಮಗೆ ಮಾರೋ ಮನಸ್ಸಿದೆಯಾ?"

ಯಾರಾದರೂ ಕೇಳುವ ಪ್ರಶ್ನೆಯೇ ಇದು? ಮುದುಕ ಬಾಗಿಲ ಕಡೆ, ಏಜೆಂಟಿನ ಆಚೆ, ಹಿತ್ತಿಲಿನ ಕಡೆ ನೋಡಿದ. ಹೊಗೆಯಲ್ಲಿ ಮರ ಮಸುಕು ಮಸುಕಾಗಿ ಕಾಣುತ್ತಿತ್ತು.

ಆಗ ಅದಾಯಿತು. ನನ್ನ ತೋಳಿಗೆ ಕೈ ಬಿತ್ತು. "ಬೇಡ ಬಾರೆ, ಹೋಗೋಣ," ಅಂದರು ಶ್ರೀಧರ.

ನನಗಾದ ಸಂತೋಷ ಏನು ಹೇಳಲಿ! ಅದೇ ಎಳೆತ, ಅದೇ ದನಿ. ಕೊನೆಗೂ ಬುದ್ಧಿ ಬಂತಲ್ಲ, ಮಗಳ ಪೆಟ್ಟಿಗೆ ನೆನಪಾಯಿತಲ್ಲ, ಗಡಿಯಾರದವನನ್ನು ಗಂಟು ಕಟ್ಟಿ ಎಸೆದರಲ್ಲ! ನಾನು ಜೀವಮಾನದಲ್ಲೇ ಅಷ್ಟು ಚೆನ್ನಾಗಿ ನಿಟ್ಟುಸಿರು ಬಿಟ್ಟಿಲ್ಲ. ಕುರ್ಚಿ ಸರಿಸಿದೆ, ಒಲೆಯನ್ನು ಒಂದು ಸಲ ಆಸೆಯಿಂದ ನೋಡಿದೆ, ಅಮ್ಮ ಮೆಟ್ಟಿಲಿಳಿದಂತೆ ಒಂದೊಂದೇ ಮೆಟ್ಟಿಲು ಇಳಿದೆ. ಗೇಟಿನ ಹತ್ತಿರ ಅಂಚೆ ಡಬ್ಬದ ಪಕ್ಕ ನಿಂತೆ. ಕರೆಯಬೇಕು ಈಗ. ಕರೆಯುತ್ತಾನೆ.

ಅನಘಾ ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಡಿಡ್ ವಿ ಗೆಟ್ ಇಟ್?" ಅಂದಳು.

"ಇರೇ, ಕರೀತಾರೆ," ಅಂದೆ.

ಶ್ರೀಧರ ನನ್ನ ಮುಖವನ್ನೇ ನೋಡುತ್ತಿದ್ದರು. "ಯಾರು ಕರೀತಾರೆ?"

"ಅವನೇ. ನೀವು ಎಳೆದಿದ್ದು ನೋಡಿದ್ನಲ್ಲ. ಭಾಳ ಚೆನ್ನಾಗಿ ಎಳೆದ್ರಿ."

"ಸುಮಾ," ಅಂದರು. "ನಾನು ನಿಜವಾಗ್ಲೂ ಹೋಗೋಣ ಅಂದೆ ಕಣೇ. ಆ ಮನುಷ್ಯನಿಗೆ ಮನೆ ಬಿಡೋ ಮನಸ್ಸಿಲ್ಲ. ಅವನ್ನ ಬರೀ ಮಾರೋನು ಅಂತ ನೋಡಿ ಹಿಂಡೋಕೆ ನನಗಾಗ್ಲಿಲ್ಲ."

ತಿರುಗಿ ನೋಡಿದೆ. ಏಜೆಂಟ್ ಆ ಎಳೆ ಜೋಡಿಯನ್ನು ಆಗಲೇ ಒಳಗೆ ಕರೆದೊಯ್ಯುತ್ತಿದ್ದ. ನಾನು ಓಡಿದೆ. ಜಗುಲಿಯಲ್ಲಿ ಅವನು ಕೈ ಅಡ್ಡ ಹಿಡಿದು, ನೀವು ಎದ್ದು ಬಂದಿರಲ್ಲ ಮೇಡಂ, ಈಗ ಅವರ ಸರದಿ ಅಂದ. ಎದ್ದು ಬರುವುದೇ ನಮ್ಮ ಕಡೆ ಚೌಕಾಸಿಯ ಅರ್ಧ ದಾರಿ ಅಂತ ಅವನಿಗೆ ಯಾವ ಭಾಷೆಯಲ್ಲಿ ಹೇಳುವುದು?

ಅರ್ಧ ಗಂಟೆಯಾದ ಮೇಲೆ ಬೋರ್ಡಿನ ಮೇಲೆ 'ಸೋಲ್ಡ್' ಅಂತ ಅಂಟಿಸಿದರು. ನಾನು ಅಲ್ಲಿಯ ತನಕ ಗೇಟು ಬಿಟ್ಟಿರಲಿಲ್ಲ. ಆಗ ಪಕ್ಕದ ಓಣಿಯಿಂದ ದನಿ ಬಂತು, "ಮಿಸಸ್! ಮಿಸಸ್!" ಮುದುಕ ಕರೆಯುತ್ತಿದ್ದ. ಕರೆ ಬಂತು ನೋಡಿ, ಬಂದೇ ಬಂತು. ಒದ್ದೆ ಪೇಪರಿನಲ್ಲಿ ಸುತ್ತಿದ ಅಂಜೂರದ ಒಂದು ಕಡ್ಡಿಯನ್ನು ನನ್ನ ಕೈಗಿಟ್ಟ. "ಅವರು ಕಾರು ನಿಲ್ಲಿಸೋಕೆ ಮರ ಕಡೀತಾರಂತೆ. ನೆಡು. ದಿನಾ ನೀರು ಹಾಕು," ಅಂದ. ಕಡ್ಡಿಯಿಂದ ಹಾಲು ಸೋರಿ ನನ್ನ ಬೆರಳಿಗೆ ಅಂಟಿತು. ಅದೇ ಆ ವಾಸನೆ.

ಲೆಕ್ಕ ನೀವೇ ನೋಡಿ. ಮುದುಕನಿಗೆ ಮನೆ ಉಳಿಯಲಿಲ್ಲ. ನಮಗೆ ಸಿಗಲಿಲ್ಲ. ಮರವೂ ಹೋಯಿತು. ನಾವು ಕೊಂಡಿದ್ದರೆ ಮರವಾದರೂ ಇರುತ್ತಿತ್ತು, ಮುದುಕ ಬಂದು ಹಣ್ಣು ಕಿತ್ತುಕೊಂಡು ಹೋಗುತ್ತಿದ್ದ. ದಾರಿಯುದ್ದಕ್ಕೂ ಇದನ್ನೇ ಕೇಳಿದೆ. "ನಿಮ್ಮ ಸತ್ಯದಿಂದ ಯಾರಿಗೆ ಉಪಕಾರ ಆಯ್ತು, ಒಂದು ಹೆಸರು ಹೇಳಿ." ಅವರು ಗೇರ್ ಬದಲಿಸಿದರು. ಹಿಂದಿನ ಸೀಟಿನಲ್ಲಿ ಕಡ್ಡಿ ಹಿಡಿದು ಕೂತಿದ್ದ ಅನಘಾ ಅಳಲೂ ಇಲ್ಲ, ಅದು ಇನ್ನೂ ಕೆಟ್ಟದ್ದು. ಆ ರಾತ್ರಿ ಲ್ಯಾಂಪ್ ಸರಿಸಿ ಪೆಟ್ಟಿಗೆಗೆ ಇನ್ನೊಂದು ಸುತ್ತು ಟೇಪ್ ಹಾಕಿದಳು.

ಫೆಬ್ರವರಿಗೆ ಸಿಡ್ನಿಗೆ ವಾಪಸ್ ಬಂದೆವು. ಪೆಟ್ಟಿಗೆ ಬಿಚ್ಚದೆಯೇ ಬಂತು, ಕಡ್ಡಿ ಬಕೆಟ್ಟಿನಲ್ಲಿ ಬಂತು. ಲಿವರ್‌ಪೂಲಿನ ಬಾಡಿಗೆ ಬಾಲ್ಕನಿಯಲ್ಲಿ ವರ್ಷಗಟ್ಟಲೆ ಕುಂಡದಲ್ಲಿ ಕುಳ್ಳಗೆ ನಿಂತಿತ್ತು. ಮಾರ್ಸ್ಡನ್ ಪಾರ್ಕಿನಲ್ಲಿ ಮನೆ ಮಾಡಿದ ಮೇಲೆಯೇ ಅದಕ್ಕೆ ನೆಲ ಸಿಕ್ಕಿದ್ದು. ಹೊಸ ಬಡಾವಣೆ, ಬರೆದ ಬೆಲೆಗೇ ಕೊಡುವುದು, ಚೌಕಾಸಿಗೆ ಜಾಗವೇ ಇಲ್ಲ. ಅಷ್ಟು ಹೊತ್ತಿಗೆ ಅನಘಾ ಮೆಲ್ಬರ್ನಿಗೇ ಓದಲು ಹೋಗಿಯಾಗಿತ್ತು. ಪೆಟ್ಟಿಗೆಯನ್ನು ನಾನೇ ಬಿಚ್ಚಿದೆ. ಗೊಂಬೆಗಳ ಬಣ್ಣ ಹಾಳಾಗಿರಲಿಲ್ಲ.

ಮೊನ್ನೆ ಅವಳು ಫೋನ್ ಮಾಡಿದಳು. ಶನಿವಾರ ಒಂದು ಯೂನಿಟ್ ಹರಾಜಿದೆಯಂತೆ, ಅದೇ ಉತ್ತರದ ಕಡೆ. "ಅಮ್ಮಾ, ಯು ಕಮ್. ಪ್ಲೀಸ್. ಅಪ್ಪ ನೀಡ್ ನಾಟ್." ನಾನು ಹಿತ್ತಿಲಿಗೆ ಹೋಗಿ ಇವರಿಗೆ ಹೇಳಿದೆ. ಸರಿಯಾಗಿ ಐದು ಗಂಟೆಗೆ ವಾಕಿಂಗ್ ಹೊರಡುವವರು ಶೂ ಲೇಸ್ ಕಟ್ಟುತ್ತಿದ್ದರು. ನಾಲ್ಕು ಹನಿ ಬಿದ್ದು ನಿಂತಿತ್ತು, ಗಿಡ ತನ್ನ ವಾಸನೆ ಬಿಡುತ್ತಿತ್ತು. ಎದ್ದು ಬಂದು ನನ್ನ ತೋಳು ಹಿಡಿದು ಎಳೆದರು.

"ಬೇಡ ಬಾರೆ. ಅವಳು ದೊಡ್ಡವಳಾಗಿದ್ದಾಳೆ, ಅವಳ ಪಾಡಿಗೆ ಅವಳು ಕೊಳ್ಳಲಿ. ನಾವು ಹೋಗೋದು ಬೇಡ."

ನಾನು ತೋಳನ್ನೂ ನೋಡಿದೆ, ಮುಖವನ್ನೂ ನೋಡಿದೆ. ಅಷ್ಟು ವರ್ಷವಾದರೂ ಗುರುತು ಹತ್ತುವುದಿಲ್ಲ. "ಇದು ನಾಟಕಾನಾ, ನಿಜಾನಾ? ಒಂದೇ ಮಾತಲ್ಲಿ ಹೇಳಿ."

ಅವರು ಅಂಜೂರದ ಗಿಡ ನೋಡಿದರು. ಯೋಚಿಸಲು ಶುರು ಮಾಡಿದರು.

ಅವರು ಯೋಚಿಸಿ ಮುಗಿಸುವಷ್ಟರಲ್ಲಿ ನಾನು ಫೋನಿನಲ್ಲಿ ಟಿಕೆಟ್ ಬುಕ್ ಮಾಡಿದೆ. ಎರಡು.